ದೊಡ್ಡ ಹೊಳೆಯ ದಂಡೆಯಲ್ಲಿ ಇಶ್ಬೀಲಿಯ

ಅಂದಲುಸ್ ಎಂದ ಕೂಡಲೇ ನಮ್ಮವರ ಕಣ್ಣ ಮುಂದೆ ಬರುವುದು ಗ್ರಾನಡದ ಅಲ್‌ಹಂಬ್ರಾ ಅರಮನೆ, ಇಲ್ಲವೇ ಕಾರ್ಡೋಬದ ಕಂಬಗಳ ಕಾಡಿನಂತಹ ಮಸ್ಜಿದ್. ಈ ಎರಡು ಊರುಗಳ ಹೆಸರು ಹೇಳಿ ನಿಟ್ಟುಸಿರು ಬಿಡುವುದು ಭಾಷಣಗಳಲ್ಲೂ ಲೇಖನಗಳಲ್ಲೂ ರೂಢಿಯಾಗಿ ಹೋಗಿದೆ. ಮೂರನೆಯ ಊರೊಂದಿದೆ. ಅರಬರು ಅದನ್ನು ಇಶ್ಬೀಲಿಯ ಎಂದು ಕರೆದರು. ರೋಮನ್ನರ ಹಿಸ್ಪಾಲಿಸ್ ಅವರ ನಾಲಗೆಯಲ್ಲಿ ಹಾಗಾಯಿತು. ಇಂದು ಅದು ಸ್ಪೇನಿನ ಸೆವಿಲ್ಲಾ. ಅರಮನೆ, ಮಿನಾರಗಳು ಅಲ್ಲಿಯೂ ಇವೆ. ಆದರೆ ಆ ಊರನ್ನು ಕಟ್ಟಿದ್ದೂ ಕೆಡವಿದ್ದೂ ಅದರ ಹೊಳೆ. ಆದ್ದರಿಂದ ನಾವು ಅಲ್ಲಿ ಹೊಳೆಯನ್ನು ಹಿಡಿದುಕೊಂಡೇ ತಿರುಗಾಡಿದೆವು.

ಹೊಳೆಯ ಹೆಸರು ಗ್ವಾದಲ್ಕಿವೀರ್. ಅರಬಿ ಬಲ್ಲವರು ಇದನ್ನು ಎರಡು ಸಲ ಉಚ್ಚರಿಸಿದರೆ ಸಾಕು, ಒಳಗಿನಿಂದ ‘ಅಲ್ ವಾದಿ ಅಲ್ ಕಬೀರ್’ ಎದ್ದು ಬರುತ್ತದೆ. ದೊಡ್ಡ ಹೊಳೆ ಎಂದಷ್ಟೇ ಅರ್ಥ. 657 ಕಿ.ಮೀ. ಹರಿಯುವ ಈ ನದಿಯ ಅಳಿವೆಯಿಂದ ಸುಮಾರು 80 ಕಿ.ಮೀ. ಒಳನಾಡಿನಲ್ಲಿ ಸೆವಿಲ್ಲಾ ಇದೆ. ಆದರೂ ಅದು ಬಂದರು. ಇಡೀ ಸ್ಪೇನಿನಲ್ಲಿ ಸರಕು ಹಡಗುಗಳು ಬಂದು ಹೋಗುವ ನದಿ ಬಂದರು ಇದೊಂದೇ. ಕಡಲಿನ ಉಬ್ಬರವಿಳಿತ ಊರನ್ನು ದಾಟಿ ಅಲ್ಕಲಾ ದೆಲ್ ರಿಯೊದ ಅಣೆಕಟ್ಟಿನವರೆಗೂ ತಲಪುತ್ತದೆ. ನೆಲ ಅಷ್ಟು ಸಮತಟ್ಟು.

ಆ ಸಮತಟ್ಟಿಗೆ ಕಾರಣವಿದೆ. ಊರಿನ ಕೆಳಗಿನ ನೆಲವೆಲ್ಲ ಪ್ರಾಚೀನ ಕಾಲದಲ್ಲಿ ಕಡಲಿನ ಕೊಲ್ಲಿಯಾಗಿತ್ತು. ರೋಮನ್ನರ ಹೊತ್ತಿಗೆ ಅದರ ಬಾಯಿಗೆ ಮರಳಿನ ದಿಬ್ಬ ಅಡ್ಡ ಬಂದು ಕೊಲ್ಲಿ ಸರೋವರವಾಗಿತ್ತು. ನದಿ ತಂದು ಸುರಿದ ಹೂಳಿನಿಂದ ಸರೋವರ ತುಂಬಿ ಜೌಗಾಯಿತು. ಇದೇ ಇಂದಿನ ದೊನ್ಯಾನ. ಚಳಿಗಾಲದಲ್ಲಿ ಉತ್ತರ ಯುರೋಪಿನ ಕಾಡುಬಾತುಗಳು ಹಿಂಡುಹಿಂಡಾಗಿ ಬಂದಿಳಿಯುವ, ರಾಜಹಂಸಗಳು ಮೇಯುವ ಜವುಳು ಭೂಮಿ. ಬಂದರಿಗೂ ಜೌಗಿಗೂ ತಾಯಿ ಒಬ್ಬಳೇ. ಆದರೆ ಜೌಗನ್ನು ಬೆಳೆಸಿದ ಹೂಳೇ ಕೊನೆಗೆ ಬಂದರಿನ ಕತ್ತು ಹಿಸುಕಿತು. ಆ ಮಾತಿಗೆ ಮುಂದೆ ಬರುತ್ತೇವೆ.

ರೋಮನ್ನರ ಕಾಲದಲ್ಲಿ ಈ ಕಣಿವೆಯ ಆಲಿವ್ ಎಣ್ಣೆ ಮಣ್ಣಿನ ಜಾಡಿಗಳಲ್ಲಿ ತುಂಬಿ ರೋಮ್ ನಗರಕ್ಕೆ ಹೋಗುತ್ತಿತ್ತು. ಖಾಲಿಯಾದ ಜಾಡಿಗಳನ್ನು ಒಡೆದು ಎಸೆದೂ ಎಸೆದೂ ರೋಮ್‌ನಲ್ಲಿ ಒಂದು ಗುಡ್ಡವೇ ಎದ್ದಿದೆ. ಅದರ ಬಹುಪಾಲು ಬೋಕಿಗಳು ಈ ಹೊಳೆಯ ದಂಡೆಯಿಂದ ಹೋದವು. ಇದಕ್ಕೆ ಸಂಬಂಧಪಟ್ಟ ಒಂದು ಕಲ್ಲು ನಮಗೆ ಅನಿರೀಕ್ಷಿತ ಜಾಗದಲ್ಲಿ ಕಾಣಸಿಕ್ಕಿತು. ಸೆವಿಲ್ಲಾದ ಪ್ರಸಿದ್ಧ ಮಿನಾರದ ಅಡಿಪಾಯದಲ್ಲಿ ಕಟ್ಟಡಕ್ಕೆಂದು ಬಳಸಿದ ಹಳೆಯ ರೋಮನ್ ಕಲ್ಲುಗಳಿವೆ. ಅವುಗಳಲ್ಲೊಂದು ಕ್ರಿ.ಶ. 2ನೇ ಶತಮಾನದ ಪ್ರತಿಮೆಯ ಪೀಠ. ಸೆಕ್ಸ್ಟಸ್ ಯೂಲಿಯಸ್ ಪೊಸೆಸ್ಸರ್ ಎಂಬ ಅಧಿಕಾರಿಗೆ ಹಿಸ್ಪಾಲಿಸ್‌ನ ದೋಣಿ ನಡೆಸುವವರು ಸೇರಿ ಅದನ್ನು ಕೆತ್ತಿಸಿದ್ದರು. ಅವನ ಹುದ್ದೆ ನದಿಯ ದಂಡೆಯ ಮೇಲ್ವಿಚಾರಣೆ. ಅವನು ನಿಷ್ಕಳಂಕನಾಗಿ, ನ್ಯಾಯವಾಗಿ ನಡೆದುಕೊಂಡ ಎಂಬುದೇ ದೋಣಿಯವರು ಅವನನ್ನು ಗೌರವಿಸಲು ಕೊಟ್ಟ ಕಾರಣ. ಅಂದರೆ ಹಾಗೆ ನಡೆಯದವರೂ ಇದ್ದರೆಂದು ಊಹಿಸಬಹುದು. ಸಾವಿರ ವರ್ಷಗಳ ಬಳಿಕ ಮುಸ್ಲಿಮ್ ಶಿಲ್ಪಿಗಳು ಆ ಕಲ್ಲನ್ನು ಮಿನಾರದ ಬುಡಕ್ಕಿಟ್ಟರು. ಪ್ರವಾಸಿಗರೆಲ್ಲ ತಲೆ ಮೇಲೆತ್ತಿ ಫೋಟೊ ತೆಗೆಯುವ ಆ ಜಾಗದಲ್ಲಿ ತಲೆ ಬಗ್ಗಿಸಿ ನೋಡುವವರು ಕಡಿಮೆ.

ಕ್ರಿ.ಶ. 712ರಲ್ಲಿ ಮೂಸಾ ಇಬ್ನು ನುಸೈರ್ ಈ ಊರನ್ನು ಗೆದ್ದರು. ಕೆಲವು ವರ್ಷ ಇದು ಅಂದಲುಸ್‌ನ ರಾಜಧಾನಿಯೂ ಆಗಿತ್ತು. ಹೊಳೆ ಸಂಪತ್ತನ್ನು ಮಾತ್ರ ತರುವುದಿಲ್ಲ ಎಂಬುದು 844ರಲ್ಲಿ ಗೊತ್ತಾಯಿತು. ಉತ್ತರದ ವೈಕಿಂಗ್ ದಾಳಿಕೋರರು ಜೌಗಿನ ನಡುವಿನ ಕಬ್ತೀಲ್ ಎಂಬ ದ್ವೀಪದಲ್ಲಿ ಬೀಡುಬಿಟ್ಟು, ಹೊಳೆಯಲ್ಲಿ ಮೇಲೇರಿ ಬಂದು ಊರನ್ನು ಸೂರೆಗೈದರು. ಅಮೀರ್ ಎರಡನೆಯ ಅಬ್ದುರ್ರಹ್ಮಾನ್ ಅವರನ್ನು ಸೋಲಿಸಿದ ಬಳಿಕ ಇಲ್ಲಿ ಹಡಗು ಕಟ್ಟುವ ಕಾರ್ಯಾಗಾರ ತೆರೆದ. ಇಂತಹ ಕಾರ್ಯಾಗಾರಕ್ಕೆ ಅರಬಿಯಲ್ಲಿ ‘ದಾರುಸ್ಸಿನಾಅ’ ಎನ್ನುತ್ತಾರೆ. ಸ್ಪ್ಯಾನಿಷ್ ಭಾಷೆಯ ‘ಅತಾರಾಸಾನಾ’, ಇಂಗ್ಲಿಷಿನ ‘ಆರ್ಸೆನಲ್’ ಎರಡೂ ಅದರ ಮಕ್ಕಳು. ಬಂದರಿನ ಸುಂಕದ ಕಟ್ಟೆಗೆ ಸ್ಪೇನಿನವರು ಇಂದಿಗೂ ‘ಅದುವಾನಾ’ ಎನ್ನುತ್ತಾರೆ. ಅದು ನಮ್ಮ ದಿವಾನನ ‘ದೀವಾನ್’ ಪದವೇ. ಗೋದಾಮಿಗೆ ‘ಅಲ್ಮಸೇನ್’, ಅದು ‘ಅಲ್ ಮಖ್ಝನ್’. ಜನರನ್ನು ಓಡಿಸಬಹುದು, ಅವರ ಬಂದರಿನ ಮಾತನ್ನು ಓಡಿಸುವುದು ಕಷ್ಟ.

ಊರಿನ ಮೊದಲ ಜುಮಾ ಮಸ್ಜಿದ್ 829-30ರಲ್ಲಿ ಖಾಝಿ ಇಬ್ನು ಅದಬ್ಬಸ್ ಅವರ ಕಾಲದಲ್ಲಿ ಎದ್ದಿತು. ಆ ಜಾಗದಲ್ಲೀಗ ಸಾನ್ ಸಾಲ್ವದೋರ್ ಚರ್ಚ್ ಇದೆ. ಅದರ ಅಂಗಳದಲ್ಲಿ ಉಳಿದಿರುವ ಹಳೆಯ ಕಂಬಗಳನ್ನು ನೋಡಿದರೆ ಕುಳ್ಳಾಗಿ ವಿಚಿತ್ರವೆನಿಸುತ್ತದೆ. ಅವು ಕುಳ್ಳಲ್ಲ, ನೆಲ ಮೇಲೆ ಬಂದಿದೆ. ಶತಮಾನಗಳಲ್ಲಿ ಏರಿದ ಮಣ್ಣಿನಲ್ಲಿ ಕಂಬಗಳು ಸೊಂಟದವರೆಗೆ ಹೂತುಹೋಗಿವೆ. ನಾವು ಅಲ್ಲಿ ಬಹಳ ಹೊತ್ತು ಕುಳಿತಿದ್ದೆವು. ಅಂಗಳದಲ್ಲಿ ಕಿತ್ತಳೆ ಮರಗಳಿದ್ದವು. ಅರಬರು ತಂದ ಕಹಿ ಕಿತ್ತಳೆ, ನಮ್ಮ ಹೇರಳೆಕಾಯಿಯ ನೆಂಟ. ಊರಿನ ಬೀದಿಬೀದಿಯಲ್ಲೂ ಈ ಮರವಿದೆ. ಹಣ್ಣು ಕಿತ್ತು ಬಾಯಿಗಿಟ್ಟವರ ಮುಖ ನೋಡುವಂತಿರುತ್ತದೆ!

11ನೇ ಶತಮಾನದಲ್ಲಿ ಅಂದಲುಸ್ ಚೂರುಚೂರಾದಾಗ ಇಲ್ಲಿ ಅಬ್ಬಾದಿ ಮನೆತನ ಆಳಿತು. ಆ ಮನೆತನದ ಕೊನೆಯ ದೊರೆ ಅಲ್ ಮುಅತಮಿದ್ (ಆಳ್ವಿಕೆ 1069-1091) ಕವಿ. 1085ರಲ್ಲಿ ತೊಲೆದೊ ಕೈತಪ್ಪಿದಾಗ ಹೆದರಿ ಮೊರೊಕ್ಕೊದ ಮುರಾಬಿತ್ ದೊರೆ ಯೂಸುಫ್ ಇಬ್ನು ತಾಶಿಫೀನನನ್ನು ನೆರವಿಗೆ ಕರೆದ. 1086ರ ಝಲ್ಲಾಕ ಯುದ್ಧದಲ್ಲಿ ನೆರವು ಸಿಕ್ಕಿತು. ಐದು ವರ್ಷಗಳಲ್ಲಿ ನೆರವಿಗೆ ಬಂದವರೇ ರಾಜ್ಯವನ್ನು ಕಿತ್ತುಕೊಂಡು ಅವನನ್ನು ಹಡಗು ಹತ್ತಿಸಿದರು. 1095ರಲ್ಲಿ ಮರ್ರಾಕುಶ್ ಬಳಿಯ ಅಗ್ಮಾತ್‌ನಲ್ಲಿ ಬಡತನದಲ್ಲಿ ತೀರಿಕೊಂಡ. ಆಂದಲೂಸಿಯದ ಸ್ವಾಭಿಮಾನದ ಚಿಂತಕ ಬ್ಲಾಸ್ ಇನ್‌ಫಾಂತೆ 1924ರಲ್ಲಿ ಆ ಗೋರಿಯನ್ನು ಹುಡುಕಿಕೊಂಡು ಹೋಗಿದ್ದರು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ ಫ್ರಾಂಕೊ ಪಕ್ಷದವರು ಸೆವಿಲ್ಲಾದ ಹೊರವಲಯದಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ದೊರೆಗಳ ಕಥೆ ಇಷ್ಟು ಸಾಕು. ಇಶ್ಬೀಲಿಯದಲ್ಲಿ ನಮ್ಮನ್ನು ಹಿಡಿದಿಟ್ಟ ಮನುಷ್ಯ ದೊರೆಯಲ್ಲ, ಕವಿಯೂ ಅಲ್ಲ. ಕ್ರಿ.ಶ. 1100ರ ಆಸುಪಾಸಿನಲ್ಲಿ ಇಲ್ಲಿ ಬದುಕಿದ್ದ ಇಬ್ನು ಅಬ್ದೂನ್. ಅವರು ಊರಿನ ಆಡಳಿತದ ಬಗ್ಗೆ, ಅದರಲ್ಲೂ ಮಾರುಕಟ್ಟೆಯ ಮೇಲ್ವಿಚಾರಕನಾದ ಮುಹ್ತಸಿಬ್‌ನ ಕರ್ತವ್ಯಗಳ ಬಗ್ಗೆ ಒಂದು ಚಿಕ್ಕ ಗ್ರಂಥ ಬರೆದಿಟ್ಟಿದ್ದಾರೆ. 20ನೇ ಶತಮಾನದಲ್ಲಿ ಲೆವಿ ಪ್ರೊವೆನ್ಸಾಲ್ ಎಂಬ ಫ್ರೆಂಚ್ ವಿದ್ವಾಂಸರು ಅದನ್ನು ಬೆಳಕಿಗೆ ತಂದರು. ಓದಿದರೆ ನಮ್ಮ ಯಾವುದೋ ನಗರಸಭೆಯ ಸದಸ್ಯರೊಬ್ಬರು ರೇಗಾಡುತ್ತಿದ್ದಾರೇನೋ ಎನಿಸುತ್ತದೆ.

ಹೊಳೆಯ ದಕ್ಕೆಯ ಬಗ್ಗೆ ಅವರ ಮಾತು ಖಂಡಿತವಾದುದು. ಸರಕು ಇಳಿಸುವ ದಂಡೆಯ ಒಂದು ಗೇಣು ಜಾಗವನ್ನೂ ಮಾರಬಾರದು, ಅಲ್ಲಿ ಯಾರೂ ಕಟ್ಟಡ ಕಟ್ಟಬಾರದು. ಊರಿನ ಜೀವಾಳವೇ ಆ ಜಾಗ, ಅದು ಒಬ್ಬನ ಸ್ವತ್ತಾಗಕೂಡದು. ಚರ್ಮದ ಚೀಲದಲ್ಲಿ ಮನೆಮನೆಗೆ ನೀರು ಹೊರುವವರಿಗೆ ದಂಡೆಯಲ್ಲಿ ಪ್ರತ್ಯೇಕ ಜಾಗ ಬಿಡಬೇಕು, ಹಲಗೆಯ ಅಟ್ಟಣೆ ಹಾಕಿಕೊಡಬೇಕು. ದೋಣಿಯವರು ಅಲ್ಲಿ ನುಗ್ಗಬಾರದು, ನುಗ್ಗಿದರೆ ಶಿಕ್ಷೆ. ಅದರ ಹತ್ತಿರ ಬಟ್ಟೆ ಒಗೆಯಬಾರದು, ಕಸ ಕೊಳೆ ಸುರಿಯಬಾರದು. ದೋಣಿಗಳು ಮಿತಿಮೀರಿ ಜನರನ್ನು ತುಂಬಬಾರದು, ಗಾಳಿ ಬೀಸುವಾಗಲಂತೂ ತುಂಬಲೇಬಾರದು. ಹೊಲದಲ್ಲಿ ಬೆಳೆಯನ್ನು ಕಣ್ಣಂದಾಜಿನಲ್ಲಿ ಅಳೆದು ತೆರಿಗೆ ಕಟ್ಟುವ ಅಧಿಕಾರಿಗಳ ಮೇಲೆ ಅವರಿಗೆ ಅಸಾಧ್ಯ ಸಿಟ್ಟು. ರೈತನೇ ನಾಡಿನ ಬುಡ ಎಂಬುದು ಅವರ ನಿಲುವು.

ಇದೇ ಪುಸ್ತಕದಲ್ಲಿ ನಾವು ಒಪ್ಪಲಾಗದ ಮಾತುಗಳೂ ಇವೆ. ಯಹೂದಿಗಳಿಗೂ ಕ್ರೈಸ್ತರಿಗೂ ವಿಜ್ಞಾನದ ಗ್ರಂಥಗಳನ್ನು ಮಾರಬಾರದು, ಅವರು ಅನುವಾದಿಸಿ ತಮ್ಮದೆಂದು ಹೇಳಿಕೊಳ್ಳುತ್ತಾರೆ ಎನ್ನುತ್ತಾರೆ. ಅವರನ್ನು ಗುರುತಿಸುವ ಚಿಹ್ನೆ ಬೇಕೆನ್ನುತ್ತಾರೆ. ಹೊಳೆಯ ನೀರು ಎಲ್ಲರದು ಎಂದ ಅದೇ ಲೇಖನಿ ಜ್ಞಾನದ ನೀರಿಗೆ ಬೇಲಿ ಹಾಕಿತು. ಅಂದಲುಸ್‌ನ ಬಗ್ಗೆ ಬರೆಯುವವರು ಮೊದಲ ಭಾಗವನ್ನು ಮಾತ್ರ ಉಲ್ಲೇಖಿಸುವುದು, ಇಸ್ಲಾಮಿನ ವಿರೋಧಿಗಳು ಎರಡನೆಯದನ್ನು ಮಾತ್ರ ಉಲ್ಲೇಖಿಸುವುದು ಎರಡೂ ಚರಿತ್ರೆಗೆ ಮಾಡುವ ಅನ್ಯಾಯ. ಎರಡನ್ನೂ ಬರೆದವರು ಒಬ್ಬರೇ.

12ನೇ ಶತಮಾನದಲ್ಲಿ ಮುವಹ್ಹಿದ್ ದೊರೆಗಳು ಬಂದರು. ಇಶ್ಬೀಲಿಯ ಅಂದಲುಸ್‌ನಲ್ಲಿ ಅವರ ರಾಜಧಾನಿಯಾಯಿತು. ಅಬೂ ಯಾಕೂಬ್ ಯೂಸುಫ್ 1171ರಲ್ಲಿ ಹೊಳೆಗೆ ದೋಣಿಗಳನ್ನು ಸಾಲಾಗಿ ಬಿಗಿದು ಸೇತುವೆ ಹಾಕಿಸಿದ. ದುರಸ್ತಿ ಮಾಡುತ್ತಾ 1852ರವರೆಗೆ, ಕಬ್ಬಿಣದ ಸೇತುವೆ ಬರುವ ತನಕ, ಊರಿನವರು ಅದೇ ತರದ ದೋಣಿ ಸೇತುವೆಯಲ್ಲಿ ಓಡಾಡಿದರು. 1172ರಲ್ಲಿ ಹೊಸ ಜುಮಾ ಮಸ್ಜಿದ್ ಶುರುವಾಯಿತು, 1184ರಲ್ಲಿ ಮಿನಾರ. ಅಹ್ಮದ್ ಇಬ್ನು ಬಾಸೊ ಆರಂಭಿಸಿದ ಕೆಲಸವನ್ನು ಅಲೀ ಅಲ್ ಗುಮಾರಿ 1198ಕ್ಕೆ ಮುಗಿಸಿದರು. ಒಳಗೆ ಮೆಟ್ಟಿಲುಗಳಿಲ್ಲ, 35 ಇಳಿಜಾರುಗಳಿವೆ. ಮುಅಝ್ಝಿನ್ ಸವಾರಿಯಲ್ಲಿ ಕುಳಿತೇ ಮೇಲೇರಲಿ ಎಂದು. ನಡೆದು ಹತ್ತಿದ ನಮಗೂ ಸುಸ್ತಾಗಲಿಲ್ಲ. ಮಸ್ಜಿದ್ ಕೆಡವಿ 1401ರಿಂದ 1506ರವರೆಗೆ ಕಟ್ಟಿದ ಕೆಥೆಡ್ರಲ್ ಜಗತ್ತಿನ ಅತಿ ದೊಡ್ಡ ಚರ್ಚುಗಳಲ್ಲೊಂದು. ಮಿನಾರವನ್ನು ಮಾತ್ರ ಕೆಡವಲಿಲ್ಲ. ಅದರ ತಲೆಯ ಮೇಲೆ 16ನೇ ಶತಮಾನದಲ್ಲಿ ಗಂಟೆಗೋಪುರ ಕೂರಿಸಿದರು. ಇದೇ ಇಂದಿನ ಹಿರಾಲ್ದಾ.

ಇಬ್ನು ರುಶ್ದ್ 1169ರಲ್ಲಿ ಇಲ್ಲಿ ಖಾಝಿಯಾಗಿದ್ದರು. ಇಬ್ನು ಝುಹ್ರ್ ಎಂಬ ಮಹಾ ವೈದ್ಯರು ಇಲ್ಲಿಯವರು. ಇಬ್ನುಲ್ ಅವ್ವಾಮ್ ಊರಿನ ಪಕ್ಕದ ಅಶ್ಶರಫ್ ಗುಡ್ಡಗಳಲ್ಲಿ ತಾನೇ ನೆಟ್ಟು, ಕಸಿ ಕಟ್ಟಿ ನೋಡಿ ಕೃಷಿಯ ಬೃಹದ್ಗ್ರಂಥ ಬರೆದರು. ಆದರೆ ಇದೇ ಮುವಹ್ಹಿದರ ಆಳ್ವಿಕೆಯಲ್ಲಿ ಯಹೂದಿಗಳೂ ಕ್ರೈಸ್ತರೂ ಬಲವಂತದ ಮತಾಂತರ ಎದುರಿಸಿದರು, ಊರು ಬಿಟ್ಟರು. 1195ರಲ್ಲಿ ಇಬ್ನು ರುಶ್ದರನ್ನೇ ಗಡೀಪಾರು ಮಾಡಿ ಅವರ ತತ್ವಶಾಸ್ತ್ರದ ಗ್ರಂಥಗಳನ್ನು ಸುಡಲಾಯಿತು. ಮಿನಾರ ಮೇಲೇರುತ್ತಿದ್ದ ವರ್ಷಗಳಲ್ಲೇ ಇದೂ ನಡೆಯಿತು.

1220-21ರಲ್ಲಿ ದಂಡೆಯಲ್ಲಿ ಹನ್ನೆರಡು ಮೂಲೆಯ ‘ಚಿನ್ನದ ಗೋಪುರ’ ಎದ್ದಿತು, ಹೊಳೆಯ ಕಾವಲಿಗೆಂದು. ಅದು 28 ವರ್ಷವೂ ಕಾಯಲಿಲ್ಲ. ಕ್ಯಾಸ್ಟೀಲ್ ದೊರೆ ಮೂರನೇ ಫರ್ನಾಂಡೊ 1247ರಲ್ಲಿ ಮುತ್ತಿಗೆ ಹಾಕಿದ. 1248ರ ಮೇ ತಿಂಗಳಲ್ಲಿ ಅವನ ನೌಕಾಧಿಕಾರಿ ರಾಮೋನ್ ಬೊನಿಫಾಸ್ ಭಾರದ ಹಡಗುಗಳನ್ನು ನುಗ್ಗಿಸಿ ದೋಣಿ ಸೇತುವೆಯನ್ನು ಮುರಿದ. ಆಚೆ ದಡದ ತ್ರಿಯಾನದಿಂದ ಬರುತ್ತಿದ್ದ ದವಸ ನಿಂತಿತು. ನವೆಂಬರ್ 23ರಂದು ಹಸಿವಿನಿಂದ ಕಂಗೆಟ್ಟ ಊರು ಶರಣಾಯಿತು. ಮುತ್ತಿಗೆ ಹಾಕಿದವರಲ್ಲಿ ಗ್ರಾನಡದ ಮುಸ್ಲಿಮ್ ದೊರೆ ಇಬ್ನುಲ್ ಅಹ್ಮರನ ಪಡೆಯೂ ಇತ್ತು. ತನ್ನ ಚಿಕ್ಕ ರಾಜ್ಯ ಉಳಿಸಿಕೊಳ್ಳಲು ಅವನು ಫರ್ನಾಂಡೊನ ಸಾಮಂತನಾಗಿದ್ದ. ನಾವೆಲ್ಲ ಅಭಿಮಾನದಿಂದ ನೋಡುವ ಅಲ್‌ಹಂಬ್ರಾವನ್ನು ಕಟ್ಟಲಾರಂಭಿಸಿದವನು ಇವನೇ. ಊರಿನ ಮುಸ್ಲಿಮರಿಗೆ ಒಂದು ತಿಂಗಳ ಗಡುವು ಕೊಟ್ಟು ಹೊರಗೆ ಕಳುಹಿಸಲಾಯಿತು. ಕೆಲವರು ಗ್ರಾನಡಕ್ಕೆ, ಕೆಲವರು ಹೆರೆಸ್‌ಗೆ, ಹಲವರು ಕಡಲಾಚೆಗೆ. ಫರ್ನಾಂಡೊನ ಸಮಾಧಿಯ ಮೇಲಿನ ಬರಹ ಲ್ಯಾಟಿನ್, ಕ್ಯಾಸ್ಟೀಲಿಯನ್, ಹೀಬ್ರೂ, ಅರಬಿ ಎಂಬ ನಾಲ್ಕು ಭಾಷೆಗಳಲ್ಲಿದೆ.

ಊರು ಕೈತಪ್ಪುವ ಮೊದಲೇ ಹೊರಟು ಹೋದ ಮನೆತನಗಳಲ್ಲಿ ಬನೂ ಖಲ್ದೂನ್ ಒಂದು. ಅವರು ಟ್ಯೂನಿಸ್‌ನಲ್ಲಿ ನೆಲೆಸಿದರು. ಅಲ್ಲಿ ಹುಟ್ಟಿದ ಇಬ್ನು ಖಲ್ದೂನ್ 1364ರ ಸುಮಾರಿಗೆ ಗ್ರಾನಡದ ರಾಯಭಾರಿಯಾಗಿ ಇದೇ ಊರಿಗೆ, ಪೆದ್ರೊ ದೊರೆಯ ಆಸ್ಥಾನಕ್ಕೆ ಬಂದರು. ಪೂರ್ವಜರ ಕುರುಹುಗಳನ್ನು ಕಣ್ಣಾರೆ ಕಂಡರು. ಇಲ್ಲೇ ಉಳಿದರೆ ಮನೆತನದ ಆಸ್ತಿಯನ್ನೆಲ್ಲ ಮರಳಿ ಕೊಡುವುದಾಗಿ ದೊರೆ ಹೇಳಿದ. ಅವರು ಒಪ್ಪಲಿಲ್ಲ. ಅದೇ ಹೊತ್ತಿನಲ್ಲಿ ಪೆದ್ರೊ ತನ್ನ ಹೊಸ ಅರಮನೆಯನ್ನು ಮುಸ್ಲಿಮ್ ಕುಶಲಕರ್ಮಿಗಳಿಂದ ಕಟ್ಟಿಸುತ್ತಿದ್ದ. ಗೋಡೆಯ ಮೇಲೆ ಅರಬಿಯಲ್ಲಿ ಆ ಕ್ರೈಸ್ತ ದೊರೆಗೆ ಸುಲ್ತಾನನೆಂದು ಜಯಕಾರವಿದೆ. ಅಲ್ಲಾಹನ ಹೊರತು ವಿಜಯಿ ಇಲ್ಲ ಎಂಬ ಗ್ರಾನಡದ ಘೋಷವಾಕ್ಯವೂ ಇದೆ. ನಾವು ಅದನ್ನು ಓದುತ್ತ ನಿಂತಾಗ ಪಕ್ಕದ ಪ್ರವಾಸಿಗರು ಅದೊಂದು ಚೆಂದದ ಬಳ್ಳಿಚಿತ್ರವೆಂದುಕೊಂಡು ಮುಂದೆ ಹೋದರು.

ಅರಮನೆಯಲ್ಲಿ ಅರಬಿ ಉಳಿಯಿತು, ಬೀದಿಯಲ್ಲಿ ಸಹನೆ ಉಳಿಯಲಿಲ್ಲ. 1391ರ ಜೂನ್‌ನಲ್ಲಿ ಫೆರ್ರಾನ್ ಮಾರ್ತಿನೆಸ್ ಎಂಬ ಪಾದ್ರಿಯ ಪ್ರಚೋದನೆಯಿಂದ ಜನ ಯಹೂದಿ ಕೇರಿಗೆ ನುಗ್ಗಿ ಹತ್ಯಾಕಾಂಡ ನಡೆಸಿದರು. ಆ ಬೆಂಕಿ ಸ್ಪೇನಿನ ಊರೂರಿಗೆ ಹಬ್ಬಿತು. ಆ ಕೇರಿಯೇ ಇಂದು ಹೂಕುಂಡಗಳಿಂದ ಸಿಂಗರಿಸಿಕೊಂಡ ಸಾಂತಾ ಕ್ರೂಸ್. 1481ರಲ್ಲಿ ಸ್ಪೇನಿನ ಧರ್ಮವಿಚಾರಣಾ ನ್ಯಾಯಾಲಯ ಮೊದಲ ಬಾರಿಗೆ ಜನರನ್ನು ಸುಟ್ಟಿದ್ದು ಈ ಊರಿನಲ್ಲೇ.

1503ರಲ್ಲಿ ಅಮೆರಿಕದ ವ್ಯಾಪಾರವೆಲ್ಲ ಈ ಬಂದರಿನ ಮೂಲಕವೇ ನಡೆಯಬೇಕೆಂಬ ಕಾನೂನು ಬಂತು. 1519ರಲ್ಲಿ ಮೆಗಲನ್ನನ ಐದು ಹಡಗುಗಳು ಇಲ್ಲಿಂದ ಹೊರಟವು. ಭೂಮಿಯನ್ನು ಸುತ್ತಿ 1522ರಲ್ಲಿ ಮರಳಿದ್ದು ಒಂದು ಹಡಗು, 18 ಜನ. ಬೆಳ್ಳಿ ಬಂದ ದಕ್ಕೆಗೆ ಆಫ್ರಿಕದ ಗುಲಾಮರೂ ಬಂದರು. ಕೆಥೆಡ್ರಲ್‌ನ ಮೆಟ್ಟಿಲ ಬಳಿ ಅವರನ್ನು ಹರಾಜು ಹಾಕುತ್ತಿದ್ದರು. ಅಮೆರಿಕದ ಮೂಲನಿವಾಸಿಗಳ ಮೇಲಿನ ಕ್ರೌರ್ಯವನ್ನು ಲೋಕಕ್ಕೆ ಸಾರಿದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಇದೇ ಊರಿನ ಮಗ. ಅವರ ಪುಸ್ತಕ ಅಚ್ಚಾದದ್ದೂ ಇಲ್ಲೇ, 1552ರಲ್ಲಿ. ಆ ಸಾಮ್ರಾಜ್ಯದ ಸುಮಾರು 8 ಕೋಟಿ ಪುಟಗಳ ಕಡತ ಕೆಥೆಡ್ರಲ್‌ನ ಎದುರಿನ ಪತ್ರಾಗಾರದಲ್ಲಿದೆ.

1609ರಿಂದ 1614ರವರೆಗೆ, ಬಲವಂತವಾಗಿ ಕ್ರೈಸ್ತರಾಗಿದ್ದ ಮುಸ್ಲಿಮ್ ಮೂಲದ ಮೊರಿಸ್ಕೊ ಜನರನ್ನು, ಸುಮಾರು 3 ಲಕ್ಷ ಮಂದಿಯನ್ನು ಸ್ಪೇನ್ ಹೊರಹಾಕಿತು. 1610ರಲ್ಲಿ ಸೆವಿಲ್ಲಾದ ದಕ್ಕೆಯಲ್ಲೂ ಅವರು ಹಡಗು ಹತ್ತಿದರು. ಮುಸ್ಲಿಮ್ ನಾಡಿಗೆ ಹೋಗುವವರು ತಮ್ಮ ಎಳೆಯ ಮಕ್ಕಳನ್ನು ಇಲ್ಲೇ ಬಿಟ್ಟು ಹೋಗಬೇಕೆಂಬ ಅಪ್ಪಣೆಯಿತ್ತು. ಬಟ್ಟೆ ನೇಯುವವರು, ತರಕಾರಿ ಬೆಳೆಯುವವರು, ಹೊರೆ ಹೊರುವವರು ಹೋದರು. 1649ರ ಪ್ಲೇಗಿನಲ್ಲಿ ಉಳಿದವರಲ್ಲಿ ಅರ್ಧದಷ್ಟು ಜನ ಸತ್ತರು.

ಇನ್ನೊಂದೆಡೆ ಹೂಳು ತನ್ನ ಕೆಲಸ ಮುಂದುವರಿಸಿತ್ತು. ಹಡಗುಗಳು ದೊಡ್ಡದಾಗುತ್ತ ಹೋದಂತೆ ಸಾನ್‌ಲೂಕರ್ ಅಳಿವೆಯ ಮರಳದಿಬ್ಬ ಅವುಗಳಿಗೆ ಗಂಡಾಂತರವಾಯಿತು. ಅಳಿವೆ ಬಾಗಿಲಿನಲ್ಲಿ ದೋಣಿ ಮಗುಚುವುದನ್ನು ಕಂಡಿರುವ ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1717ರಲ್ಲಿ ವ್ಯಾಪಾರದ ಕಚೇರಿಯನ್ನೇ ಕಡಲದಂಡೆಯ ಕಾದಿಸ್‌ಗೆ ಸಾಗಿಸಿದರು. ಬಳಿಕ ಎರಡು ಶತಮಾನ ಹೊಳೆಯ ತಿರುವುಗಳನ್ನು ಕಡಿದು ನೇರ ಮಾಡುತ್ತ ಬಂದರು. ಇಂದು ಚಿನ್ನದ ಗೋಪುರದ ಕೆಳಗೆ ಪ್ರವಾಸಿ ದೋಣಿಗಳು ತೇಲುವ ನೀರು ಹರಿಯುವ ಹೊಳೆಯಲ್ಲ. ಒಂದು ತುದಿ ಮುಚ್ಚಿ, ಇನ್ನೊಂದು ತುದಿಗೆ ಹಡಗು ಬಾಗಿಲು ಇಟ್ಟ ಕೊಳ. ನಿಜವಾದ ಗ್ವಾದಲ್ಕಿವೀರ್ ಊರಿನ ಪಶ್ಚಿಮಕ್ಕೆ ತೋಡಿದ ಹೊಸ ಪಾತ್ರದಲ್ಲಿ ಹರಿಯುತ್ತದೆ.

ಈ ಊರಿನಲ್ಲಿ ಈಗಿನ ಮುಸ್ಲಿಮರು ಹೆಚ್ಚಾಗಿ ಮೊರೊಕ್ಕೊ, ಸೆನೆಗಲ್ ಮುಂತಾದ ಕಡೆಗಳಿಂದ ದುಡಿಯಲು ಬಂದವರು. ಹಿರಾಲ್ದಾದ ಊರಿನಲ್ಲಿ ಅವರು ನಮಾಝ್ ಮಾಡುವುದು ಬಾಡಿಗೆ ಮಳಿಗೆಗಳಂತಹ ಕೋಣೆಗಳಲ್ಲಿ. 2007ರಲ್ಲಿ ಅಂತಹ ಒಂದು ಮಸ್ಜಿದ್ ಬಾಡಿಗೆಯ ಅವಧಿ ಮುಗಿದು ಮುಚ್ಚುವ ಹಂತಕ್ಕೆ ಬಂದಾಗ, ಸೆವಿಲ್ಲಾ ತಂಡದ ಫುಟ್‌ಬಾಲ್ ಆಟಗಾರ ಫ್ರೆಡೆರಿಕ್ ಕನೂತೆ ತನ್ನ ಕೈಯಿಂದ ಸುಮಾರು 5 ಲಕ್ಷ ಯೂರೊ ಕೊಟ್ಟು ಆ ಕಟ್ಟಡವನ್ನು ಕೊಂಡರು.

ಕೊನೆಯ ದಿನ ನಾವು ಹೊಳೆಯ ಜೊತೆ ಕೆಳಗೆ ಹೋದೆವು. ಊರು ಮುಗಿದೊಡನೆ ಕಣ್ಣು ಹಾಯುವಷ್ಟೂ ಭತ್ತದ ಗದ್ದೆ. ಒಂದೂವರೆ ಲಕ್ಷ ಹೆಕ್ಟೇರಿನಷ್ಟಿದ್ದ ಜೌಗಿನಲ್ಲಿ ನೈಸರ್ಗಿಕವಾಗಿ ಉಳಿದಿರುವುದು ಐದರಲ್ಲಿ ಒಂದು ಪಾಲು ಮಾತ್ರ. ವೈಕಿಂಗರು ಬೀಡುಬಿಟ್ಟಿದ್ದ ದ್ವೀಪಗಳ ಸೀಮೆ ಈಗ ಅಕ್ಕಿಯ ಸೀಮೆ. ಅಕ್ಕಿಗೆ ಇಲ್ಲಿ ‘ಅರ್ರೋಸ್’, ಅರಬಿಯ ‘ಅರ್ರುಝ್’. ಸಕ್ಕರೆಗೆ ‘ಅಸೂಕರ್’. ಭಾರತದ ಶರ್ಕರೆ ಅರಬಿಯ ‘ಅಸ್ಸುಕ್ಕರ್’ ಆಗಿ ಇಲ್ಲಿಗೆ ಬಂದದ್ದು. ಕಣಿವೆಗೆ ನೀರುಣಿಸುವ ದೊಡ್ಡ ಕಾಲುವೆಯೊಂದನ್ನು ಜನ ಇಂದಿಗೂ ಕೈದಿಗಳ ಕಾಲುವೆ ಎನ್ನುತ್ತಾರೆ. 1940ರಿಂದ ಫ್ರಾಂಕೊ ಸರಕಾರ ರಾಜಕೀಯ ಕೈದಿಗಳಿಂದ ಅಗೆಸಿದ ಕಾಲುವೆ ಅದು. 2023ರ ಬರದಲ್ಲಿ ಗದ್ದೆಗಳಿಗೆ ನೀರು ಬಿಡಲಿಲ್ಲ, ಬಿತ್ತನೆಯೇ ನಡೆಯಲಿಲ್ಲ.

ಹೊಳೆಯ ಆಚೆ ದಡದಲ್ಲಿ ದೊನ್ಯಾನ ರಾಷ್ಟ್ರೀಯ ಉದ್ಯಾನವಿದೆ. 1969ರಲ್ಲಿ ಘೋಷಣೆಯಾಯಿತು, 1994ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. 1998ರಲ್ಲಿ ಮೇಲಿನ ಗಣಿಯೊಂದರ ಕೊಳೆನೀರಿನ ಕಟ್ಟೆ ಒಡೆದು ವಿಷ ನುಗ್ಗಿದಾಗ ಒಡ್ಡು ಹಾಕಿ ಹೇಗೋ ಉದ್ಯಾನವನ್ನು ಉಳಿಸಿಕೊಂಡರು. ಈಗಿನ ಗಂಡಾಂತರ ಸದ್ದು ಮಾಡುವುದಿಲ್ಲ. ಉದ್ಯಾನದ ಸುತ್ತ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಸಾವಿರಾರು ಹೆಕ್ಟೇರ್ ಸ್ಟ್ರಾಬೆರಿ ಬೆಳೆಯುತ್ತದೆ, ಚಳಿಗಾಲ ಮುಗಿಯುವ ಮೊದಲೇ ಯುರೋಪಿನ ಅಂಗಡಿಗಳಿಗೆ ಹೋಗುತ್ತದೆ. ಅದಕ್ಕೆ ನೀರು ಕೊಳವೆಬಾವಿಗಳದ್ದು. ಪರವಾನಗಿ ಇದ್ದವೂ ಇವೆ, ಇಲ್ಲದವೂ ಇವೆ. ಅಂತರ್ಜಲದ ಈ ಸುಲಿಗೆಯನ್ನು ತಡೆಯಲಿಲ್ಲವೆಂದು 2021ರಲ್ಲಿ ಯುರೋಪಿನ ನ್ಯಾಯಾಲಯ ಸ್ಪೇನ್ ವಿರುದ್ಧ ತೀರ್ಪು ಕೊಟ್ಟಿತು. ಬೇಸಿಗೆಯಲ್ಲೂ ಬತ್ತದಿದ್ದ ದೊಡ್ಡ ಕೆರೆ ಸಾಂತಾ ಒಲಾಯ್ಯಾ 2022ರಲ್ಲೂ 2023ರಲ್ಲೂ ಪೂರ್ತಿ ಒಣಗಿತು. 2023ರ ಕೊನೆಯಲ್ಲಿ 140 ಕೋಟಿ ಯೂರೊಗಳ ಒಪ್ಪಂದವೊಂದಾಯಿತು. ನೀರಾವರಿ ನಿಲ್ಲಿಸುವ ರೈತರಿಗೆ ಪರಿಹಾರ ಕೊಡುವುದು ಅದರ ಒಂದು ಅಂಶ. 2025ರ ವಸಂತದಲ್ಲಿ ಒಳ್ಳೆಯ ಮಳೆಯಾಗಿ ಜೌಗು ಮತ್ತೆ ತುಂಬಿತು.

ಆ ಸ್ಟ್ರಾಬೆರಿ ಕೊಯ್ಯುವವರಲ್ಲಿ ಸಾವಿರಾರು ಮಂದಿ ಮೊರೊಕ್ಕೊದ ಹೆಂಗಸರು. ಪ್ರತಿ ವರ್ಷ ಕೆಲವು ತಿಂಗಳ ಕರಾರಿನ ಮೇಲೆ ಜಲಸಂಧಿ ದಾಟಿ ಬರುತ್ತಾರೆ. 2018ರಲ್ಲಿ ಅವರಲ್ಲಿ ಕೆಲವರು ಧೈರ್ಯ ಮಾಡಿ ಕಿರುಕುಳದ ದೂರು ಕೊಟ್ಟಾಗ ಯುರೋಪಿನ ಪತ್ರಿಕೆಗಳು ಅವರತ್ತ ತಿರುಗಿ ನೋಡಿದವು. ಆಯ್ಕೆ ಮಾಡುವಾಗ ಊರಿನಲ್ಲಿ ಚಿಕ್ಕ ಮಕ್ಕಳಿರುವ ತಾಯಂದಿರಿಗೇ ಆದ್ಯತೆ. ಮಕ್ಕಳಿಗಾಗಿ ಮರಳಿ ಹೋಗಿಯೇ ಹೋಗುತ್ತಾರೆಂಬ ಲೆಕ್ಕ. ಜೂನ್ ಹೊತ್ತಿಗೆ ಕೊಯ್ಲು ಮುಗಿಯುತ್ತದೆ, ಅವರು ದಕ್ಷಿಣದ ಬಂದರುಗಳಿಂದ ದೋಣಿ ಹತ್ತಿ ಊರಿಗೆ ಹೊರಡುತ್ತಾರೆ.